ಹಳದಿ ಮಗ್ಗುಲು

ಎಂಟಕ್ಕೆ ಐದು ನಿಮಿಷವಿರುವಾಗ ಎಲ್ಡನ್ ಸ್ಟ್ರೂವ್ ಎಂದಿನಂತೆ ಪಕ್ಕದ ಮನೆಯ ಬಾಗಿಲಿನ ಮುಂದೆ ಕೈಯೆತ್ತಿದ; ಎತ್ತಿದ ಕೈಗೆ ಕೆಲಸವಿರಲಿಲ್ಲ. ಮೊಳೆಗೆ ತೂಗುಬಿಟ್ಟ ಮರದ ಬಿಲ್ಲೆ ಆಗಲೇ ಹಳದಿ ಮಗ್ಗುಲನ್ನು ಹೊರಗೆ ಮಾಡಿಕೊಂಡು ಬಿಸಿಲಿಗೆ ಹೊಳೆಯುತ್ತಿತ್ತು. ನಿವೃತ್ತರ ಬಡಾವಣೆಯ ಈ ಸಾಲಿನಲ್ಲಿ ಒಂಟಿಯಾಗಿರುವವರ ಬಾಗಿಲಿನಲ್ಲೆಲ್ಲ ಇಂಥದೊಂದು ಬಿಲ್ಲೆ. ಕತ್ತಲಾಗುವ ಮುಂಚೆ ನೀಲಿ, ಬೆಳಗಿನ ಎಂಟರೊಳಗೆ ಹಳದಿ. ಎಂಟಾದರೂ ನೀಲಿಯೇ ಇದ್ದರೆ ಎಡಗಡೆ ಮನೆಯವರು ಹೋಗಿ ಬಾಗಿಲು ಬಡಿಯಬೇಕು, ಯಾರೂ ಓಗೊಡದಿದ್ದರೆ ತಮ್ಮಲ್ಲಿಟ್ಟಿರುವ ಕೀಲಿಯಿಂದ ತೆರೆಯಬೇಕು. ಇದನ್ನೆಲ್ಲ ಎಲ್ಡನ್‌ಗೆ ಮೊದಲ ದಿನ ವಿವರಿಸಿದ ಸಾಲಿನ ಮುಖಂಡ ಮರ್ಲ್ ಗಿಡ್ಡಿಂಗ್ಸ್ ಸಾವು ಎಂಬ ಮಾತನ್ನು ಒಮ್ಮೆಯೂ ಬಾಯಿಗೆ ತಂದಿರಲಿಲ್ಲ. ಮೂವತ್ತು ವರ್ಷ ವಿಮಾ ಕಂಪನಿಯಲ್ಲಿ ಕುಳಿತು ಪರರ ನಷ್ಟ ಅಳೆದವನಿಗೆ ಆ ಮಾತನ್ನು ಬಳಸಿಕೊಂಡು ಹೋಗುವ ದಾರಿಗಳು ಗೊತ್ತಿದ್ದವು. 'ಏನಾದ್ರೂ ಹೆಚ್ಚುಕಮ್ಮಿ' ಎಂದಿದ್ದ. ಹೆಚ್ಚಾಗುವುದೇನೆಂದು ಎಲ್ಡನ್ ಕೇಳಿರಲಿಲ್ಲ.

ಕೈಯನ್ನು ಇಳಿಸುವುದೋ ಬೇಡವೋ ತಿಳಿಯದೆ ಅವನು ತಲೆ ಕೆರೆದುಕೊಂಡ. ಒಂದು ತಿಂಗಳಿಂದ ಈ ಬಿಲ್ಲೆಯನ್ನು ತಿರುಗಿಸುತ್ತಿದ್ದವನು ಅವನೇ. ಅದು ಕಳ್ಳತನ ಎಂದು ಅವನಿಗೆ ಗೊತ್ತಿತ್ತು. ಯಾರದೇನು ಕದ್ದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಬಂದ ಎರಡನೇ ವಾರ ಎಂಟೂ ಎರಡಕ್ಕೆ ಇಲ್ಲಿ ನೀಲಿ ಕಂಡು ಮುಷ್ಟಿಯಿಂದ ಬಾಗಿಲು ಗುದ್ದಿದ್ದ. ಮೂವತ್ತೆಂಟು ವರ್ಷ ಶಾಲಾ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಬಿಡಿಸಿದ ಕೈ. ಎರಡು ನಿಮಿಷ ಕಾಯಬಹುದು, ಮೂರನೆಯದು ಕಾಯಬಾರದು ಎಂಬುದು ಅಯೋವಾದ ಅವನ ಕಚೇರಿಯ ಗೋಡೆಯ ಮೇಲೇ ಬರೆದಿತ್ತು. ಕೊನೆಗೆ ಟ್ವೈಲಾ ಹ್ಯಾಸ್ಕೆಟ್, ಎಂಬತ್ತೊಂದರ ಮುದುಕಿ, ತಲೆಗೆ ಟವೆಲ್ ಸುತ್ತಿಕೊಂಡು, ಒದ್ದೆ ಕಾಲಿನಲ್ಲಿ, ಸಾಲಿನ ಅರ್ಧ ಜನ ನೋಡುತ್ತಿರುವಂತೆ ಬಾಗಿಲು ತೆರೆದಿದ್ದಳು. ಮರ್ಲ್ ತನ್ನ ಗಾಲ್ಫ್ ಗಾಡಿಯಿಂದ ಇಳಿಯದೆಯೇ ಪುಸ್ತಕದಲ್ಲಿ ಬರೆದುಕೊಂಡ. ಅದು ಆಕೆಯ ಎರಡನೇ ತಪ್ಪು. ಮೂರಾದರೆ ಸಮಿತಿಯಿಂದ ಕಾಗದ ಬರುತ್ತದೆ, ಕಾಗದ ಬಂದ ಮೇಲೆ ಸಭಾಭವನದ ಹಿಂದಿನ ಆರೈಕೆ ಕಟ್ಟಡ. ಅಲ್ಲಿ ಬಾಗಿಲುಗಳಿಗೆ ಬಿಲ್ಲೆ ಇಲ್ಲ. ಬಾಗಿಲು ಹಾಕಿಕೊಳ್ಳಲು ಬಿಟ್ಟರಲ್ಲವೆ ಬಿಲ್ಲೆಯ ಮಾತು. ಮರ್ಲ್‌ನ ಗಾಡಿ ತಿರುವು ದಾಟಿದ ಮೇಲೆ ಆಕೆ ತಣ್ಣಗೆ ಕೇಳಿದ್ದಳು: "ನನ್ನ ಮೂರನೇದನ್ನೂ ನೀನೇ ಬರೆಸ್ತೀಯಾ, ಅಯೋವಾ?" ಇಲ್ಲಿ ಎಲ್ಲರನ್ನೂ ಬಿಟ್ಟುಬಂದ ರಾಜ್ಯದ ಹೆಸರಿನಿಂದಲೇ ಕರೆಯುತ್ತಾರೆ, ಆಕೆ ಮೊಂಟಾನಾ. ಆದರೆ ಆವತ್ತು ಆ ಹೆಸರು ಅವನ ಕಿವಿಗೆ ಒಂದು ಕಾಯಿಲೆಯ ಹೆಸರಿನಂತೆ ಕೇಳಿತು. ಮಾರನೆಯ ದಿನದಿಂದ ಎಂಟಕ್ಕೆ ಐದು ನಿಮಿಷವಿರುವಾಗ ಜಲ್ಲಿಕಲ್ಲಿನ ಅಂಗಳ ದಾಟಿ ಬರುವುದು, ನೀಲಿ ಇದ್ದರೆ ಸದ್ದಾಗದಂತೆ ಹಳದಿ ಮಾಡುವುದು, ಹೋಗುವುದು. ದಿನವೂ ನೀಲಿಯೇ ಇರುತ್ತಿತ್ತು. ಪಾಪ, ಮರೆವು ಪೂರ್ತಿ ಆವರಿಸಿಬಿಟ್ಟಿದೆ ಎಂದುಕೊಳ್ಳುತ್ತಿದ್ದ, ಸ್ವಲ್ಪ ತೃಪ್ತಿಯಿಂದಲೇ.

ಇವತ್ತು ಹಳದಿ. ಒಂದೋ, ಆಕೆ ನೆನಪಾಗಿ ತಾನೇ ತಿರುಗಿಸಿದ್ದಾಳೆ. ಇಲ್ಲವೋ, ನಿನ್ನೆ ಬೆಳಿಗ್ಗೆ ತಾನು ಮಾಡಿಟ್ಟ ಹಳದಿಯೇ ಹಾಗೇ ಉಳಿದಿದೆ. ಕತ್ತಲಾಗುವ ಮುಂಚೆ ನೀಲಿ ಮಾಡಲು ಆಕೆ ಬಂದೇ ಇಲ್ಲ. ನಿನ್ನೆ ಸಂಜೆ ಈ ಬಾಗಿಲು ನೀಲಿಯಿತ್ತೆ? ದಿನವೂ ಕಸ ಹಾಕಲು ಹೊರಗೆ ಬಂದಾಗ ಕಣ್ಣು ಹಾಯಿಸುತ್ತಿದ್ದ. ನಿನ್ನೆ ಟಿವಿಯ ಬೇಸ್‌ಬಾಲ್ ಮುಂದೆ ಕುರ್ಚಿಯಲ್ಲೇ ಕಣ್ಣು ಹತ್ತಿ, ಎಚ್ಚರವಾದಾಗ ಕತ್ತಲು. ನೋಡಿರಲಿಲ್ಲ. ನೋಡಿದಂತೆ ನೆನಪು ಬರುತ್ತಿತ್ತು, ಅದು ಮೊನ್ನೆಯದು. ಇಲ್ಲಿ ಸಂಜೆಗಳನ್ನು ಒಂದರಿಂದೊಂದು ಬಿಡಿಸುವುದು ಕಷ್ಟ. ಮೋಡವಿಲ್ಲ, ಗಾಳಿಯಿಲ್ಲ, ಎದುರು ಮನೆಯ ಸಗ್ವಾರೋ ಕಳ್ಳಿ ಎರಡೂ ಕೈ ಮೇಲೆತ್ತಿ ಅಲ್ಲೇ ನಿಂತಿರುತ್ತದೆ, ಪೊಲೀಸರು ಇನ್ನೂ ಇಳಿಸು ಅಂದಿಲ್ಲವೇನೋ ಎಂಬಂತೆ. ಬಾಗಿಲು ಬಡಿದರಾಯಿತು. ಬಡಿದು ಆಕೆ ಬಂದರೆ? ಹಳದಿ ಇದ್ದೂ ಯಾಕೆ ಬಡಿದೆ ಎನ್ನುತ್ತಾಳೆ. ಯಾಕೆಂದರೆ ಇವತ್ತಿನದು ನಾನು ಮಾಡಿದ ಹಳದಿಯಲ್ಲ ಎನ್ನಬೇಕು. ಹಾಗಾದರೆ ನಿನ್ನೆಯದು, ಮೊನ್ನೆಯದು? ಇಷ್ಟು ದಿನ ನನ್ನನ್ನು ಬದುಕಿಸಿಡುತ್ತಿದ್ದವನು ನೀನೋ ಎಂದು ಟವೆಲ್ ಸುತ್ತಿದ ತಲೆ ಕೇಳುತ್ತದೆ. ಅವನು ಕಿವಿ ಬಾಗಿಲಿಗೆ ಹತ್ತಿರ ಒಯ್ದ. ಏಸಿಯ ಗುಂಯ್ ಸದ್ದು. ಅದರ ಒಳಗಿಂದಲೋ ಮೇಲಿಂದಲೋ ಟಕ್, ಟಕ್ಕಟಕ್. ನಿಂತಿತು. ಮತ್ತೆ ಟಕ್ಕಟಕ್. ಮರಕುಟಿಗ, ಎಂದುಕೊಂಡ. ಈ ಊರಿನ ಮರಕುಟಿಗಗಳಿಗೆ ಮರಕ್ಕಿಂತ ಛಾವಣಿಯ ತಗಡು ಪ್ರೀತಿ, ಬೆಳಗಾದರೆ ಯಾವುದಾದರೊಂದು ಚಿಮಣಿಯ ಮೇಲೆ ಕೂತು ಕುಟ್ಟುತ್ತವೆ. ಬಂದ ಹೊಸತರಲ್ಲಿ ತಾನು ಯಾರೋ ಬಾಗಿಲು ಬಡಿದರೆಂದು ಎದ್ದುಹೋಗಿ ನಗೆಗೀಡಾಗಿದ್ದನಲ್ಲ. ಛಾವಣಿಯ ಮೇಲೆ ನೋಡಿದ. ಬಿಸಿಲು ಕಣ್ಣಿಗೆ ಹೊಡೆಯಿತು; ಹಕ್ಕಿ ಇದ್ದರೂ ಕಾಣುವಂತಿರಲಿಲ್ಲ, ಇಲ್ಲದಿದ್ದರೂ. ಅವನು ಜಲ್ಲಿಕಲ್ಲಿನ ಮೇಲೆ ಹೆಜ್ಜೆಗಳನ್ನು ಬೇಕೆಂದೇ ಕರಕರ ಎನ್ನಿಸುತ್ತಾ ಹಿಂದಿರುಗಿದ, ಏನೂ ಅಡಗಿಸಲಿಲ್ಲ ಎಂಬಂತೆ.

ಅಡುಗೆಮನೆಯಲ್ಲಿ ಕಾಫಿಯ ಡಬ್ಬಿ ಪ್ಲಾಸ್ಟಿಕ್ಕಿನದು. ಇಲ್ಲಿಗೆ ಬಂದ ದಿನ ಮೊದಲು ಕೊಂಡ ವಸ್ತು ಅದೇ. ತಗಡಿನ ಡಬ್ಬಿಯ ಮುಚ್ಚಳ ನೆಲಕ್ಕೆ ಬಿದ್ದರೆ ತಕ್ಷಣ ನಿಲ್ಲುವುದಿಲ್ಲ. ಅಂಚಿನ ಮೇಲೆ ನಿಂತು ಉರುಳುತ್ತದೆ, ಉರುಳಿ, ವಾಲಿ, ತನ್ನ ಸುತ್ತಲೇ ಸುತ್ತುತ್ತಾ, ಸುತ್ತು ಚಿಕ್ಕದಾಗುತ್ತಾ, ಕೊನೆಗೆ ಗರ್ರೆಂದು ನಡುಗಿ ಸುಮ್ಮನಾಗುತ್ತದೆ. ಆ ಸದ್ದನ್ನು ಅವನು ಅಯೋವಾದ ಮನೆಯಲ್ಲಿ, ಹಾಸಿಗೆಯಲ್ಲಿ ಮಲಗಿ ಪೂರ್ತಿ ಕೇಳಿದ್ದ. ಮೊದಲು ಒಂದು ದಪ್ಪನೆಯ ಸದ್ದು, ಆಮೇಲೆ ಮುಚ್ಚಳ. ಹಿಂದಿನ ರಾತ್ರಿ ಹೆಂಡತಿ ಆರ್ಡಿಸ್ ಈ ಜಾಗದ ಬಣ್ಣದ ಪುಸ್ತಿಕೆಯನ್ನು ಊಟದ ತಟ್ಟೆಯ ಪಕ್ಕ ಇಟ್ಟಿದ್ದಳು, ಎರಡು ಕೋಣೆಯ ಮನೆಯ ನಕ್ಷೆಗೆ ಪೆನ್ಸಿಲಿನಿಂದ ಸುತ್ತು ಹಾಕಿ. ಬಿಸಿಲಿಗೆ ಒಣಹಾಕಿದ ಜೋಳದ ತೆನೆಯಾಗಲು ನನಗಿಷ್ಟವಿಲ್ಲ ಎಂದಿದ್ದ ಅವನು. ಅವಳು ನಕ್ಕಿರಲಿಲ್ಲ. ಬೆಳಿಗ್ಗೆ ಡಬ್ಬಿ ಎಸೆದಳಲ್ಲ, ನಲವತ್ತಾರು ವರ್ಷದಲ್ಲಿ ಇದೇ ಮೊದಲು ಎಂದುಕೊಂಡು ಅವನು ಗೋಡೆಯ ಕಡೆ ಮಗ್ಗುಲಾದ. ಅವಳೇ ಬರಲಿ. ಬಂದು ಕಾಫಿ ಆಗಿದೆ ಅನ್ನಲಿ, ಆಮೇಲೆ ನೋಡೋಣ. ಗಡಿಯಾರ ಕಣ್ಣೆದುರಿಗೇ ಇತ್ತು: ಆರೂ ಹದಿನೆಂಟು. ಆರೂ ಇಪ್ಪತ್ತೆಂಟಕ್ಕೆ ಎದ್ದ, ಅದೂ ಬಚ್ಚಲಿಗೆ ಹೋಗಲೇಬೇಕಾಗಿದ್ದರಿಂದ. ಅವಳು ಅಡುಗೆಮನೆಯ ನೆಲದ ಮೇಲಿದ್ದಳು. ಸದ್ದು ಕೇಳಿದ ಕೂಡಲೇ ಓಡಿದೆ ಎಂದು ಡಾಕ್ಟರಿಗೆ ಹೇಳಿದ, ಅವಳ ತಂಗಿಗೆ ಹೇಳಿದ, ಪಾದ್ರಿಗೆ ಹೇಳಿದ. ಹೇಳಿ ಹೇಳಿ ಓಟದ ವಿವರಗಳೂ ಹುಟ್ಟಿಕೊಂಡವು, ಕಂಬಳಿ ಕಾಲಿಗೆ ಸಿಕ್ಕಿದ್ದು, ಬಾಗಿಲಿಗೆ ಭುಜ ತಾಗಿದ್ದು. ಒಂದೇ ಕ್ಷಣದಲ್ಲಿ ಆಗಿಹೋಗಿತ್ತು, ಏನೂ ಮಾಡುವಂತಿರಲಿಲ್ಲ ಎಂದು ಡಾಕ್ಟರು ಅಂದರು. ಓಡಿಬಂದವನಿಗೆ ಹೇಳುವ ಸಮಾಧಾನ ಅದು. ಓಡದವನಿಗೆ ಏನು ಹೇಳುತ್ತಿದ್ದರೋ. ಎರಡು ವರ್ಷ ಕಳೆದ ಮೇಲೆ ಅಯೋವಾದ ಮನೆ ಮಾರಿ, ಪೆನ್ಸಿಲಿನ ಸುತ್ತಿನೊಳಗಿದ್ದ ಈ ಮನೆಗೇ ಬಂದು ಕುಳಿತ. ಬಿಸಿಲು ಅಂದರೆ ಇವನಿಗೆ ಬಲು ಇಷ್ಟ ಎಂದು ಸಾಲಿನವರು ತಿಳಿದಿದ್ದಾರೆ.

ಒಂಬತ್ತಕ್ಕೆ ಈಜುಕೊಳ. ಇಲ್ಲಿನ ವೇಳಾಪಟ್ಟಿಯನ್ನು ಅವನು ತಂಗಳು ಪೆಟ್ಟಿಗೆಯ ಮೇಲೆ ಅಂಟಿಸಿಕೊಂಡಿದ್ದ, ಒಂಬತ್ತಕ್ಕೆ ನೀರು, ಹತ್ತೂವರೆಗೆ ಕಲ್ಲು ಕಡೆಯುವ ಶಾಲೆ. ಎದೆಯುದ್ದದ ನೀರಿನಲ್ಲಿ ಹ್ಯಾಟು ಹಾಕಿಕೊಂಡ ತಲೆಗಳು ನಿಧಾನವಾಗಿ ಒಂದರ ಹಿಂದೊಂದು ಸುತ್ತು ಬರುತ್ತಿದ್ದವು. ಮರ್ಲ್ ಗಿಡ್ಡಿಂಗ್ಸ್ ಅವನ ಪಕ್ಕಕ್ಕೆ ತೇಲಿಬಂದು, ಎಲ್ಲರಿಗೂ ಕೇಳುವಂತೆ, "ಏನ್ ಮಾಡ್ದೆ ಮಾರಾಯ ಮೊಂಟಾನಾಗೆ? ಆವತ್ತು ನೀನು ಬಾಗಿಲು ಗುದ್ದಿದ್ ಮೇಲೆ ಒಂದು ದಿನ ತಪ್ಪಿಲ್ಲ. ನನ್ನ ಪುಸ್ತಕ ಖಾಲಿ ಹೊಡೀತಾ ಇದೆ" ಎಂದ. ಹ್ಯಾಟುಗಳು ನಕ್ಕವು. ಎಲ್ಡನ್ ಕೂಡ ನಕ್ಕ. ನಗುವಾಗ ಬಾಯಿಗೆ ನೀರು ಹೋಯಿತು, ಕ್ಲೋರಿನ್ನಿನ ರುಚಿ. ಇವತ್ತೂ ಹಳದಿಯಾ ಎಂದು ಯಾರೋ ಕೇಳಿದರು. ಎಂಟೂಕಾಲಿಗೆ ನಾನೇ ನೋಡಿದೆನಲ್ಲ, ಮೊಟ್ಟೆಯ ಒಳಗಿನಷ್ಟು ಹಳದಿ ಎಂದ ಮರ್ಲ್. ಎಲ್ಡನ್‌ಗೆ ಎದೆ ಹಗುರಾಯಿತು. ಮುಖಂಡ ನೋಡಿದ್ದಾನೆ, ಪುಸ್ತಕಕ್ಕೆ ಹೋಗಿದೆ, ಹಾಗಾದರೆ ಅದು ಹಳದಿಯೇ. ಎರಡು ಸುತ್ತು ಆ ಹಗುರದಲ್ಲೇ ತೇಲಿದ. ಮೂರನೆಯ ಸುತ್ತಿನಲ್ಲಿ, ಮರ್ಲ್ ನೋಡಿದ್ದು ನಾನು ನೋಡಿದ್ದನ್ನೇ ಎಂದು ಹೊಳೆಯಿತು. ಆರ್ಡಿಸಳ ಮಣ್ಣಿಗೆ ಬಂದಿದ್ದ ಬಸ್ ಚಾಲಕರು ಒಬ್ಬೊಬ್ಬರಾಗಿ ಅವನ ಕೈ ಹಿಡಿದು, ನೀನು ಓಡಿಹೋದೆಯಂತಲ್ಲ, ಅಷ್ಟಾದರೂ ಆಯಿತಲ್ಲ ಎಂದಿದ್ದರು. ಇಪ್ಪತ್ತು ಜನ ನಂಬಿದ್ದರು. ಇಪ್ಪತ್ತು ಜನ ನಂಬಿದ್ದರಿಂದ ಆ ಹತ್ತು ನಿಮಿಷದಲ್ಲಿ ಒಂದು ಸೆಕೆಂಡೂ ಕಮ್ಮಿಯಾಗಿರಲಿಲ್ಲ.

ಕಲ್ಲು ಕಡೆಯುವ ಶಾಲೆ ಅವನಿಗೆ ಸೇರುತ್ತಿದ್ದುದು ಅಲ್ಲಿನ ಗದ್ದಲಕ್ಕೆ. ಸಾಣೆಚಕ್ರ ತಿರುಗತೊಡಗಿದರೆ ಬೇರೇನೂ ಕೇಳಿಸದು. ಮೂರು ವಾರದಿಂದ ಒಂದೇ ಬೆಣಚುಕಲ್ಲನ್ನು ಉಜ್ಜುತ್ತಿದ್ದ; ಕಂದು ಸಿಪ್ಪೆಯ ಒಳಗೆ ಬಿಳಿ ಸುತ್ತುಗಳು, ಒಂದರೊಳಗೊಂದು, ಒಳಹೋದಷ್ಟೂ ಚಿಕ್ಕವು. ಇವತ್ತು ಆ ಸುತ್ತುಗಳು ಹಿಡಿಸಲಿಲ್ಲ. ಚಕ್ರದ ಮೇಲೆ ನೀರು ಹನಿಯುತ್ತಿತ್ತು, ಟಕ್, ಟಕ್ಕಟಕ್. ಮರಕುಟಿಗ ಹಾಗೆ ಕುಟ್ಟುತ್ತದೆಯೆ? ಮರಕುಟಿಗ ಕುಟ್ಟಿದರೆ ಹೊಲಿಗೆಯಂತ್ರದಂತೆ ಒಂದೇ ಸಮನೆ ಇಪ್ಪತ್ತು ಮೂವತ್ತು ಏಟು, ಎಣಿಸಲಾಗದಷ್ಟು ಬೇಗ. ಬೆಳಿಗ್ಗೆ ಕೇಳಿದ್ದು ಮೂರು. ನಿಲ್ಲಿಸಿ, ಮತ್ತೆ ಎರಡು. ಯಾರೋ ಯೋಚಿಸಿ ಕುಟ್ಟಿದಂತೆ. ಅವನು ಕಲ್ಲನ್ನು ಚಕ್ರಕ್ಕೆ ಇನ್ನೂ ಬಲವಾಗಿ ಒತ್ತಿದ. ಯೋಚಿಸುವ ಹಕ್ಕಿಗಳೂ ಇರಬಹುದು. ಮನೆಗೆ ಹೋಗಿ ಊಟ ಮಾಡಿ ಆಮೇಲೆ ಯಾವುದಾದರೂ ನೆಪ ಹಿಡಿದು, ಮೂಸಂಬಿ ಕೊಡುವ ನೆಪದಲ್ಲಿ, ಹೋಗಬಹುದು. ಅವಳೇ ಬರಲಿ, ಬಂದು ಕಾಫಿ ಆಗಿದೆ ಅನ್ನಲಿ. ಬೆರಳಿನ ತುದಿ ಸುಟ್ಟಂತಾಗಿ ಕೈ ಎಳೆದುಕೊಂಡ. ಯಾರೋ ಚಕ್ರ ನಿಲ್ಲಿಸಿದರು. ಮರ್ಲ್ ಬಾಗಿಲಲ್ಲಿ ನಿಂತು, ಹೆಂಡತಿಯ ಪದಕಕ್ಕೆ ಕೊಟ್ಟ ಕಲ್ಲು ಆಯಿತೆ ಎಂದು ವಿಚಾರಿಸುತ್ತಿದ್ದ. ಹಿಂದೆಯೇ, ಇವನನ್ನು ಕಂಡು, ಏನೂ ವಿಶೇಷವಿಲ್ಲದ ದನಿಯಲ್ಲಿ ಹೇಳಿದ: "ನಿನ್ನೆ ಸಂಜೆ ಇಸ್ಪೀಟಿಗೆ ಬರ್ಲೇ ಇಲ್ಲಪ್ಪ ನಿನ್ನ ಮೊಂಟಾನಾ. ನಾಲ್ಕನೇ ಕೈ ಇಲ್ದೆ ಆಟ ಕೆಟ್ಟೋಯ್ತು. ಬೈದೆ ಅಂತ ಹೇಳು."

ಗಾಲ್ಫ್ ಗಾಡಿ ಗಂಟೆಗೆ ಹದಿನೈದು ಮೈಲಿಗಿಂತ ಜಾಸ್ತಿ ಓಡದಂತೆ ಸಮಿತಿ ಕಟ್ಟಿಹಾಕಿಸಿದೆ. ನೂರ ಹನ್ನೊಂದು ಡಿಗ್ರಿ ಫ್ಯಾರನ್‌ಹೀಟಿನ ಬಿಸಿಲಿನಲ್ಲಿ, ಬೇಸಿಗೆಗೆಂದು ಉತ್ತರಕ್ಕೆ ಹೊರಟುಹೋದವರ ಮುಚ್ಚಿದ ಮನೆಗಳ ನಡುವೆ, ಅವನ ಮುಂದೆ ಇನ್ನೊಂದು ಗಾಡಿ ಹತ್ತೇ ಮೈಲಿಯಲ್ಲಿ ಹೋಗುತ್ತಿತ್ತು. ಹಿಂದಿನಿಂದ ಒಂದು ಬಿಳಿ ಜಡೆ ಕಾಣುತ್ತಿತ್ತು. ದಾಟಿ ಹೋಗಬಹುದಾಗಿತ್ತು. ದಾಟಿದರೆ ಅವಸರವೆಂದು ತಿಳಿಯುತ್ತದೆ, ಅವಸರವೇನೆಂದು ಕೇಳುತ್ತಾರೆ. ಈ ಲೆಕ್ಕಾಚಾರ ತನ್ನ ತಲೆಯಲ್ಲಿ ಆಗಲೂ ನಡೆಯುತ್ತಿದೆ ಎಂಬುದನ್ನು ಅವನು ಬೇರೊಬ್ಬನ ಹೊಲಸನ್ನು ಕಂಡಂತೆ ಕಂಡು, ಹಾರ್ನ್ ಒತ್ತಿ ದಾಟಿದ. ಬಾಗಿಲ ಮುಂದೆ ಹನ್ನೆರಡಕ್ಕೆ ಐದು ನಿಮಿಷ. ಹಳದಿ. ಬಡಿಯಲಿಲ್ಲ, ಕೀಲಿ ಹಾಕಿ ತೆರೆದ. ಒಳಗಿನ ತಂಪು, ಹಿಂದಿನ ದಿನದ ಟೋಸ್ಟಿನ ವಾಸನೆ. ಟ್ವೈಲಾ ಹ್ಯಾಸ್ಕೆಟ್ ಬಚ್ಚಲಿನ ನೆಲದ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದಳು, ಕಾಲೊರಸು ಬಟ್ಟೆಯನ್ನು ಎಳೆದು ಮೈಮೇಲೆ ಹೊದ್ದುಕೊಂಡು. ಒಂದು ಕಾಲು ಇರಬಾರದ ದಿಕ್ಕಿಗೆ ತಿರುಗಿತ್ತು. ಕೈಯಲ್ಲಿ ಕಕ್ಕಸು ತೊಳೆಯುವ ಕುಂಚದ ಹಿಡಿ. ಕಣ್ಣು ತೆರೆದೇ ಇದ್ದವು. ಅವನು ಹೆಸರು ಹಿಡಿದು ಕೂಗಲು ಹೋದ, ಬಾಯಿಗೆ ಬಂದದ್ದು ಆರ್ಡಿಸ್ ಎಂದು. ಆಕೆ ಅದನ್ನು ತಿದ್ದಲಿಲ್ಲ. ಬಿರಿದ ತುಟಿಯಿಂದ "ನೀರು" ಎಂದಳು, ಅಷ್ಟೇ. ಅವನು ಫೋನು ಮಾಡಿ, ನೀರಿನಲ್ಲಿ ಬಟ್ಟೆ ನೆನೆಸಿ ಆಕೆಯ ತುಟಿಗೆ ಹಿಡಿಯುತ್ತಿರುವಾಗ ಸಭಾಭವನದಲ್ಲಿ ಹನ್ನೆರಡರ ಗಂಟೆ ಹೊಡೆಯಿತು.

ಆಮೇಲಿನದೆಲ್ಲ ಸಾಲಿನವರು ಅವನಿಗೆ ಮಾಡಿದ ಸನ್ಮಾನ. ಸಭಾಭವನದ ಫಲಕದ ಮೇಲೆ ಮರ್ಲ್ ತನ್ನ ಕೈಯಾರೆ ಬರೆದ ಕಾಗದ ಅಂಟಿಸಿದ: ಬಿಲ್ಲೆ ಹಳದಿ ಇದ್ದರೂ ಅನುಮಾನ ಬಂದು ಒಳಹೊಕ್ಕು ಪ್ರಾಣ ಉಳಿಸಿದ ನೆರೆಮನೆಯಾತ, ಎಂದು. ಹಿಂದಿನ ಸಂಜೆ ಆರರ ಸುಮಾರಿಗೆ, ಬಿಲ್ಲೆ ನೀಲಿ ಮಾಡುವ ಮುಂಚೆಯೇ, ಆಕೆ ಬಿದ್ದದ್ದಂತೆ. ಹಾಗಾಗಿ ಹಳದಿ ಹಾಗೇ ಉಳಿದಿತ್ತಂತೆ. ಇದನ್ನು ಎಲ್ಲರೂ ಒಬ್ಬರಿಗೊಬ್ಬರು ವಿವರಿಸಿಕೊಂಡರು. ಆ ಹಳದಿ ಮಾಡಿದ ಕೈ ಯಾರದೆಂದು ಮಾತ್ರ ಯಾರೂ ವಿಚಾರಿಸಲಿಲ್ಲ. ಅದು ವಿಚಾರಿಸುವ ವಿಷಯವೇ ಆಗಿರಲಿಲ್ಲ. ಮೂರು ಮನೆಗಳಿಂದ ಅವನಿಗೆ ಸೇಬಿನ ಕಡುಬು ಬಂದವು. ಕೊಳದಲ್ಲಿ ಹ್ಯಾಟುಗಳು ಅವನಿಗೆ ದಾರಿಬಿಟ್ಟವು. ನಿನಗೆ ಹೇಗೆ ಹೊಳೀತು ಎಂದು ಬಿಳಿ ಜಡೆಯಾಕೆ ಕೇಳಿದಾಗ, ಏನೋ ಸದ್ದು ಕೇಳಿದಂತಾಯಿತು, ಕೂಡಲೇ ಓಡಿದೆ ಎಂದು ಅವನ ಬಾಯಿ ತಾನಾಗಿಯೇ ಹೇಳಿತು. ಅಷ್ಟು ಸಲೀಸಾಗಿ ಬಂತಲ್ಲ ಎಂದು ಅವನು ಮನೆಗೆ ಹೋಗಿ ಕನ್ನಡಿಯ ಮುಂದೆ ಬಾಯಿ ತೆರೆದು ನೋಡಿಕೊಂಡ. ಹಲ್ಲುಗಳಿದ್ದವು, ಅರ್ಧ ತನ್ನವು.

ಮೂರನೆಯ ದಿನ ಆಸ್ಪತ್ರೆಗೆ ಹೋದ, ಮೂಸಂಬಿ ಹಿಡಿದುಕೊಂಡು. ಸೊಂಟದ ಮೂಳೆಗೆ ಮೊಳೆ ಹೊಡೆದಿದ್ದರು. ದಿಂಬಿಗೊರಗಿದ್ದ ಟ್ವೈಲಾ ಹಕ್ಕಿಯಷ್ಟಾಗಿದ್ದಳು, ಕಣ್ಣು ಮಾತ್ರ ಅದೇ. "ಕೂತ್ಕೋ ಅಯೋವಾ. ನಿಂತ್ರೆ ಡಾಕ್ಟ್ರ ಥರ ಕಾಣ್ತೀಯ, ಭಯ ಆಗತ್ತೆ" ಎಂದಳು. ಕೂತ. ಆರೈಕೆ ಕಟ್ಟಡದ ಹುಡುಗಿಯರು ಆಗಲೇ ಬಂದು ಕಿಟಕಿ ಪಕ್ಕದ ಹಾಸಿಗೆ ಕೊಡುತ್ತೇವೆಂದು ಆಸೆ ಹುಟ್ಟಿಸಿ ಹೋಗಿದ್ದನ್ನು ಹೇಳಿದಳು. ನಾಲ್ಕು ವಾರ ನಡೆಯಲು ಕಲಿತರೆ ನನ್ನ ಬಾಗಿಲಿಗೇ ವಾಪಸು ಎಂದು ಡಾಕ್ಟರಿಂದ ಬರೆಸಿಕೊಂಡಿರುವುದನ್ನೂ. ಆಮೇಲೆ ಮೊಂಟಾನಾದ ಟೆಲಿಫೋನ್ ವಿನಿಮಯ ಕೇಂದ್ರದಲ್ಲಿ ತಾನು ಇಪ್ಪತ್ತೇಳು ವರ್ಷ ಕೂತಿದ್ದ ವಿಚಾರ ತೆಗೆದಳು. ಟ್ರಂಕ್ ಕಾಲ್ ಕೊಟ್ಟು, ಇಬ್ಬರ ಮಾತೂ ಮುಗಿದ ಮೇಲೆ ಎಷ್ಟು ನಿಮಿಷವೆಂದು ಚೀಟಿಯಲ್ಲಿ ಬರೆಯುವ ಕೆಲಸ. ಮಾತಾಡದೆ ಬರೀ ಉಸಿರು ಬಿಡುತ್ತಿದ್ದವರ ಕಾಲನ್ನೂ ಅಳೆದದ್ದುಂಟು, ಅಂಥವು ಜಾಸ್ತಿ ಯುದ್ಧದ ವರ್ಷಗಳಲ್ಲಿ. ಎಲ್ಡನ್ ಮೂಸಂಬಿ ಸುಲಿಯತೊಡಗಿದ.

"ನಿನ್ನ ಹೆಜ್ಜೆ ನಂಗೊತ್ತು" ಎಂದಳು. "ತಿಂಗಳಿಂದ ಕೇಳ್ತಾ ಇದೀನಿ. ಎಂಟಕ್ಕೆ ಐದು ನಿಮಿಷ ಇರುವಾಗ ಕಲ್ಲಿನ ಮೇಲೆ ಇಪ್ಪತ್ತೆರಡು ಹೆಜ್ಜೆ. ಬಿಲ್ಲೆ ತಿರುಗಿಸ್ತೀಯ, ಹೋಗ್ತೀಯ. ಮರೆವು ಅಂದ್ಕೊಂಡೆಯಾ? ಐದಕ್ಕೇ ಏಳ್ತೀನಿ ನಾನು. ಬೇಕಂತ್ಲೇ ನೀಲಿ ಬಿಡ್ತಿದ್ದೆ. ಬಾಗಿಲ ತನಕ ಯಾರಾದ್ರೂ ಬರ್ತಾರಲ್ಲ ಅಂತ."

ಸುಲಿದ ಹಣ್ಣು ಅವನ ಕೈಯಲ್ಲೇ ಉಳಿಯಿತು.

"ಆವತ್ತೂ ಬಂದೆ. ಕುಟ್ದೆ, ಕೈಲಾದಷ್ಟು. ನೀನು ನಿಂತೆ. ಕೇಳಿಸ್ತು ಅಂತ ನನಗೆ ಗೊತ್ತಾಯ್ತು, ಉಸಿರು ಹಿಡ್ಕೊಂಡ್ಯಲ್ಲ. ಬಾಗಿಲಿಗೂ ಬಚ್ಚಲಿಗೂ ಮಧ್ಯೆ ಒಂದು ಗೋಡೆ ಅಷ್ಟೇ. ಆಮೇಲೆ ಹೋದೆ. ಯಾರನ್ನೋ ಕರ್ಕೊಂಡ್ ಬರಕ್ಕೆ ಹೋದ ಅಂದ್ಕೊಂಡೆ." ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. "ಮರ್ಲ್‌ಗೆ ಹೇಳಿಲ್ಲ. ಹೇಳಲ್ಲ. ನಂಗೆ ಒಂದೇ ಬೇಕು. ನಡುವೆ ಒಂದೆರಡು ಸಲ ನಿದ್ದೆ ಬಂತೋ, ಮೈ ಮರೀತೋ, ಲೆಕ್ಕ ತಪ್ಪೋಯ್ತು. ನೀನು ಹೋಗಿ ಮತ್ತೆ ಬರೋದ್ರಲ್ಲಿ ಎಷ್ಟು ಹೊತ್ತಾಯ್ತು?"

ಇಂಥ ಪ್ರಶ್ನೆಯನ್ನು ಇಲ್ಲಿಯವರೆಗೆ ಯಾರೂ ಅವನಿಗೆ ಕೇಳಿರಲಿಲ್ಲ. ಡಾಕ್ಟರು ಕೇಳಬಹುದಾಗಿತ್ತು, ಪಾದ್ರಿ ಕೇಳಬಹುದಾಗಿತ್ತು. ಅವರು ಕೇಳುವ ಮೊದಲೇ ಅವನು ಓಡಿದ್ದ. ಈಗಲೂ ಒಂದು ಉತ್ತರ ನಾಲಗೆಯ ತುದಿಗೆ ಬಂದು ಸಿದ್ಧವಾಗಿ ನಿಂತಿತ್ತು, ಕಾಲಿಗೆ ಸಿಕ್ಕಿದ ಕಂಬಳಿಯ ಸಮೇತ. ಕಿಟಕಿಯಾಚೆ ಬಿಸಿಲಿನಲ್ಲಿ ಗಾಡಿಗಳು ನಿಂತಿದ್ದವು. ಎಲ್ಲಿಯೋ ಒಂದು ತಟ್ಟೆಯೋ ಟ್ರೇಯೋ ನೆಲಕ್ಕೆ ಬಿದ್ದು, ಅಂಚಿನ ಮೇಲೆ ಉರುಳತೊಡಗಿತು.

"ನಾಲ್ಕು ಗಂಟೆ ಹತ್ತು ನಿಮಿಷ" ಎಂದ.

ಟ್ವೈಲಾ ಹೊದಿಕೆಯ ಮೇಲೆ ಬೆರಳು ಮಡಿಸುತ್ತಾ ಲೆಕ್ಕ ಹಾಕಿದಳು. ಎಂಟಕ್ಕೆ ಐದು. ನೀರು ಕೊಡುವಾಗ ಹನ್ನೆರಡು ಹೊಡೆದದ್ದು ಆಕೆಗೂ ಕೇಳಿತ್ತು. ಇನ್ನೊಮ್ಮೆ ಮಡಿಸಿದಳು. ಚೀಟಿಯಲ್ಲಿ ತಪ್ಪು ಬರೆದ ಹೊಸ ಹುಡುಗಿಯನ್ನು ನೋಡುವಂತೆ ಅವನನ್ನು ನೋಡಿದಳು.

"ನಾಲ್ಕು ಗಂಟೆ ಸರಿ. ಈ ಹತ್ತು ನಿಮಿಷ ಎಲ್ಲಿಂದ ಬಂತು?"

"ಅದು ನಿಮ್ಮದಲ್ಲ" ಎಂದ ಎಲ್ಡನ್.

ಆಕೆ ನೋವಿಗೆ ಹಲ್ಲು ಕಚ್ಚಿಕೊಂಡು, ದಿಂಬಿನ ಮೇಲೆ ತಲೆಯನ್ನು ಹೊರಳಿಸಿ, ಚೆನ್ನಾಗಿ ಕೇಳಿಸುವ ಕಿವಿಯನ್ನು ಅವನ ಕಡೆ ಮಾಡಿ ಕಣ್ಣು ಮುಚ್ಚಿದಳು. ಅವನ ಕಿವಿಯಲ್ಲಿ ಮುಚ್ಚಳ ಇನ್ನೂ ಉರುಳುತ್ತಿತ್ತು, ಸುತ್ತು ಚಿಕ್ಕದಾಗುತ್ತಾ. ಅದು ನಿಲ್ಲುವ ಮುಂಚೆ ಅವನು ಬಾಯಿ ತೆರೆದ.